ಕುಣಿಯುವ ಚಿತ್ರಕ್ಕೆ ಯಾವ ಸಾಫ್ಟ್‌ವೇರ್ ಬೇಕು?



ನಮ್ಮ ಶಾಲಾ ವಾರ್ಷಿಕೋತ್ಸವದಲ್ಲಿ ಈ ಸಲ ನಾಟಕ, ಕೋಲಾಟದ ಜೊತೆಗೆ ನಾವೇ ಮಾಡಿದ ಒಂದು ಆನಿಮೇಷನ್ ಚಿತ್ರವನ್ನೂ ತೋರಿಸಬೇಕು ಅಂತ ತೀರ್ಮಾನವಾಗಿರುವುದು ನಿಮಗೆಲ್ಲ ಗೊತ್ತೇ ಇದೆ. ಚಿತ್ರ ಬರೆಯುವವರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಬರೆದ ಚಿತ್ರವನ್ನು ಕುಣಿಸಲು ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು ಎಂಬ ವಿಷಯದಲ್ಲಿ ಎರಡು ಪಕ್ಷಗಳಾಗಿವೆ. ಊಟದ ಬೆಲ್ಲು ಹೊಡೆದರೆ ಸಾಕು, ಇದೇ ಜಗಳ. ‘ಫೋನಿನ ಆ್ಯಪ್ ಇದ್ದರೆ ಸಾಕು, ಒಂದು ಫೋಟೊ ಕೊಟ್ಟರೆ ಅದೇ ಕುಣಿಸುತ್ತೆ’ ಎನ್ನುವುದು ಒಂದು ಪಕ್ಷ. ‘ಒಂದೊಂದೇ ಚಿತ್ರ ಬರೆದು ನಾವೇ ಕುಣಿಸೋಣ’ ಎನ್ನುವುದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದವನು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಸಮಾಧಾನದಿಂದ ಓದಿ, ಆಮೇಲೆ ಬೈಯಿರಿ.

ನಿಜ ಹೇಳಬೇಕೆಂದರೆ ಮೊದಲು ನಾನೂ ಆ್ಯಪ್ ಪಕ್ಷದವನೇ ಆಗಿದ್ದೆ. ದಸರಾ ರಜೆಯಲ್ಲಿ ಗೋಡೆಯ ಮೇಲಿದ್ದ ತಾತನ ಫೋಟೊವನ್ನು ಅಣ್ಣನ ಫೋನಿನಲ್ಲಿ ತೆಗೆದು ಒಂದು ಆ್ಯಪ್‌ಗೆ ಹಾಕಿದೆ. ನೋಡನೋಡುತ್ತಲೇ ತಾತ ಕಣ್ಣು ಮಿಟುಕಿಸಿದರು, ತಲೆ ತಿರುಗಿಸಿದರು, ಹಲ್ಲು ಬಿಟ್ಟು ನಕ್ಕರು. ನನಗೋ ಖುಷಿಯೋ ಖುಷಿ. ಓಡಿಹೋಗಿ ಅಜ್ಜಿಗೆ ತೋರಿಸಿದೆ. ಅಜ್ಜಿ ಎರಡು ಸಲ ನೋಡಿ, ‘ಇದು ನಿಮ್ಮ ತಾತ ಅಲ್ಲ ಕಣ್ಲಾ ಮಗಾ. ಅವ್ರು ಯಾವತ್ತು ಹಿಂಗೆ ನಕ್ಕಿದ್ರು? ತಗ್ದಾಕು ಅದ’ ಅಂದುಬಿಟ್ಟರು.

ಆಮೇಲೆ ಯೋಚನೆ ಮಾಡಿದಾಗ ಅಜ್ಜಿ ಹೇಳಿದ್ದು ಸರಿ ಅನ್ನಿಸಿತು. ಆ್ಯಪ್‌ಗೆ ನಮ್ಮ ತಾತ ಎಲ್ಲಿ ಗೊತ್ತು? ಬೇರೆ ಯಾರು ಯಾರದೋ ಮುಖಗಳ ವಿಡಿಯೊ ನೋಡಿ ಕಲಿತ ಚಲನೆಯನ್ನು ಅದು ತಾತನ ಮುಖಕ್ಕೆ ಅಂಟಿಸುತ್ತದೆ. ಮುಖ ತಾತನದು, ನಗು ಇನ್ಯಾರದೋ.

ನಮ್ಮ ತಾತ ಮಾತು ಶುರು ಮಾಡುವ ಮೊದಲು ಹೆಗಲ ಮೇಲಿನ ಟವೆಲನ್ನು ಒಮ್ಮೆ ಕೊಡವಿ ತಲೆಗೆ ಸುತ್ತುತ್ತಿದ್ದರು. ಅದನ್ನು ನೆನಪು ಮಾಡಿಕೊಂಡು 32 ಹಾಳೆಗಳಲ್ಲಿ ಬರೆದೆ. ಸೆಕೆಂಡಿಗೆ 8 ಚಿತ್ರದಂತೆ ಓಡಿಸಿದರೆ ಬರೀ 4 ಸೆಕೆಂಡು. ಅಜ್ಜಿ ನೋಡಿ, ‘ಟವೆಲ್ ಕೊಡುವೋದು ಸರಿಯಾಗದೆ. ಕೈ ಮಾತ್ರ ಎಡಗೈ ಆಗ್ಬೇಕಿತ್ತು’ ಅಂದರು. ತಪ್ಪು ನನ್ನದು, ಕೂತು ತಿದ್ದಿದೆ. ಆದರೆ ಆ್ಯಪ್ ನಗಿಸಿದ ನಗುವನ್ನು ತಿದ್ದಲು ನನಗೆ ದಾರಿಯೇ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಇನ್ನೊಂದು ಸಂಗತಿ. ಹೋದ ವರ್ಷ ನನ್ನ ಗೆಳೆಯನೊಬ್ಬ ಎತ್ತಿನ ಗಾಡಿಯ ಒಂದು ಚಿತ್ರ ಮಾಡಿದ. ಯಾವ ಸಾಫ್ಟ್‌ವೇರ್ ಅಂತ ಹೆಸರು ಬೇಡ. ಮೊದಲ ತಿಂಗಳು ಉಚಿತ ಅಂತ ಇತ್ತು. ತಿಂಗಳು ಮುಗಿದ ಮಾರನೇ ದಿನ ದುಡ್ಡು ಕಟ್ಟು ಎಂದಿತು. ಅವನ ಫೈಲು ಬೇರೆ ಯಾವುದರಲ್ಲೂ ತೆರೆಯಲಿಲ್ಲ. ಅದಕ್ಕೂ ಮೊದಲು ತೆಗೆದಿಟ್ಟಿದ್ದ ವಿಡಿಯೊದಲ್ಲಿ ಎತ್ತಿನ ಮುಖದ ಮೇಲೆಯೇ ಕಂಪನಿಯ ಹೆಸರು! ಎರಡು ವಾರ ಬರೆದವನು ಇವನು, ಮುದ್ರೆ ಅವರದು. ಪಾಪ, ಅವನು ಆಮೇಲೆ ಅದರ ಸುದ್ದಿಗೇ ಹೋಗಲಿಲ್ಲ.

ಆದ್ದರಿಂದ ಯಾವುದೇ ಸಾಫ್ಟ್‌ವೇರ್ ಆಯ್ಕೆ ಮಾಡುವ ಮೊದಲು ಮೂರು ಪ್ರಶ್ನೆ ಕೇಳಬೇಕು ಎಂಬುದು ನನ್ನ ವಾದ. ಒಂದು, ಇಂಟರ್‌ನೆಟ್ ಇಲ್ಲದಿದ್ದರೂ ನಮ್ಮ ಶಾಲೆಯ ಹಳೇ ಕಂಪ್ಯೂಟರಿನಲ್ಲಿ ಓಡುತ್ತದೆಯೇ? ಎರಡು, ಮಾಡಿದ ಕೆಲಸವನ್ನು ದುಡ್ಡಿಲ್ಲದೆ, ಮುದ್ರೆಯಿಲ್ಲದೆ ಹೊರಗೆ ತೆಗೆಯಬಹುದೇ? ಮೂರು, ನಡುವಿನ ಒಂದೇ ಒಂದು ಚಿತ್ರ ತಪ್ಪಾದರೆ ಅದನ್ನಷ್ಟೇ ತಿದ್ದಬಹುದೇ?

ಈ ಪರೀಕ್ಷೆಯಲ್ಲಿ ಪಾಸಾಗುವ ಉಚಿತ ಸಾಫ್ಟ್‌ವೇರುಗಳು ಹಲವಿವೆ. ಓಪನ್‌ಟೂನ್ಜ್ ಎಂಬುದು ಜಪಾನಿನ ಪ್ರಸಿದ್ಧ ಘಿಬ್ಲಿ ಸ್ಟುಡಿಯೊದವರು ಬಳಸುತ್ತಿದ್ದ ಟೂನ್ಜ್‌ನಿಂದ ಬಂದದ್ದು. 2016ರಲ್ಲಿ ಅದನ್ನು ಎಲ್ಲರಿಗೂ ಉಚಿತ ಮಾಡಿದರು. ಕಾಗದದ ಚಿತ್ರವನ್ನು ಸ್ಕ್ಯಾನ್ ಮಾಡಿ ಗೆರೆ ಶುದ್ಧ ಮಾಡುವುದರಲ್ಲಿ ಗಟ್ಟಿಗ, ಆದರೆ ಹೊಸಬರಿಗೆ ತಲೆ ತಿರುಗುವಷ್ಟು ಗುಂಡಿಗಳು. ಕ್ರಿಟಾದಲ್ಲಿ ಬಣ್ಣ ಹಚ್ಚುವುದು ಬಹಳ ಚೆಂದ, ಆದರೆ ಹೆಚ್ಚು ಮೆಮೊರಿ ಕೇಳುತ್ತದೆ. ಬ್ಲೆಂಡರ್ ಅಂತೂ ದೊಡ್ಡಣ್ಣ. ಅದರಲ್ಲೇ ಮಾಡಿದ ಲಾಟ್ವಿಯಾ ದೇಶದ ‘ಫ್ಲೋ’ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಉಚಿತದ್ದು ಎಂದರೆ ಕಳಪೆ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ? ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ! ನಮ್ಮ ಕಂಪ್ಯೂಟರಿಗೆ ಅದು ಭಾರ.

ನನ್ನ ಓಟು ಪೆನ್ಸಿಲ್ ಟೂಡಿಗೆ. ಗಾತ್ರ ಚಿಕ್ಕದು, ಗುಂಡಿಗಳು ಕಡಿಮೆ, ವಿಂಡೋಸಿನಲ್ಲೂ ಓಡುತ್ತದೆ, ಲಿನಕ್ಸಿನಲ್ಲೂ ಓಡುತ್ತದೆ. ಹಿಂದಿನ ಚಿತ್ರ ಮಸುಕಾಗಿ ಕೆಳಗೆ ಕಾಣುತ್ತಿರುತ್ತದೆ, ಅದರ ಮೇಲೆ ಮುಂದಿನದನ್ನು ಬರೆಯಬಹುದು. ಇದಕ್ಕೆ ಈರುಳ್ಳಿ ಸಿಪ್ಪೆ ಅನ್ನುತ್ತಾರಂತೆ! ಕಾಗದದ ಮೇಲೆ ಬರೆದು ಫೋಟೊ ತೆಗೆದದ್ದನ್ನೂ ಸಾಲಾಗಿ ಒಳಗೆ ತರಬಹುದು. ಧ್ವನಿಯನ್ನೂ ಸೇರಿಸಬಹುದು.

ನಮ್ಮ ಪಕ್ಕದ ಕೇರಳದ ಸರ್ಕಾರಿ ಶಾಲೆಗಳನ್ನೇ ನೋಡಿ. 2018ರಲ್ಲಿ ಅಲ್ಲಿ ‘ಲಿಟಲ್ ಕೈಟ್ಸ್’ ಎಂಬ ಕಂಪ್ಯೂಟರ್ ಸಂಘಗಳು ಶುರುವಾದವು. ನಮ್ಮ ವಯಸ್ಸಿನ ಮಕ್ಕಳೇ ಉಚಿತ ಸಾಫ್ಟ್‌ವೇರಿನಲ್ಲಿ ಆನಿಮೇಷನ್ ಕಲಿಯುತ್ತಾರೆ. ಅವರ ಕೈಲಿ ಆಗುವುದು ನಮ್ಮ ಕೈಲಿ ಯಾಕೆ ಆಗಬಾರದು?

ಈಗ ಆ್ಯಪ್ ಪಕ್ಷದವರ ಮಾತಿಗೆ ಬರುತ್ತೇನೆ. ‘ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ ಬೇಕು. ಅರ್ಧ ಮಾಡಿದರೂ 12. ಒಂದು ನಿಮಿಷಕ್ಕೆ 720 ಚಿತ್ರ. ಪರೀಕ್ಷೆಗೆ ಓದೋದು ಯಾವಾಗ?’ ಎನ್ನುತ್ತಾರೆ. ಲೆಕ್ಕ ಸರಿಯಾಗಿದೆ, ಒಪ್ಪುತ್ತೇನೆ. ಅದಕ್ಕೆ ನನ್ನದು ಎರಡು ಉಪಾಯ. ಸೆಕೆಂಡಿಗೆ 8ರಂತೆ ಇಟ್ಟುಕೊಂಡರೆ ನಿಮಿಷಕ್ಕೆ 480 ಆಯಿತು. 20 ಜನ ಹಂಚಿಕೊಂಡರೆ ತಲೆಗೆ 24 ಹಾಳೆ. ಎರಡನೆಯದು, ನಮ್ಮ ತೊಗಲುಗೊಂಬೆಯ ಹಾಗೆ ರಟ್ಟಿನಲ್ಲಿ ಕೈಕಾಲು ಬೇರೆ ಬೇರೆ ಕತ್ತರಿಸಿ ದಾರದಿಂದ ಕೀಲು ಹಾಕಿ, ಸ್ವಲ್ಪ ಸ್ವಲ್ಪ ಸರಿಸುತ್ತಾ ಫೋಟೊ ತೆಗೆಯುವುದು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಮಹಿಳೆ 1926ರಲ್ಲೇ ಹೀಗೆ ಕತ್ತರಿಸಿದ ನೆರಳು ಬೊಂಬೆಗಳಿಂದ ಒಂದು ಪೂರ್ತಿ ಸಿನಿಮಾ ಮಾಡಿದ್ದಾರೆ. ಕಂಪ್ಯೂಟರ್ ಇಲ್ಲದ ಕಾಲ ಅದು!

ಫೋನು ಬೇಡವೇ ಬೇಡ ಎನ್ನುವವನು ನಾನಲ್ಲ. ಫೋಟೊ ತೆಗೆಯಲು ಅದೇ ಬೇಕು. ಆದರೆ ಹಾಳೆಗೆ ಎರಡು ತೂತು ಮಾಡಿ ಒಂದೇ ಜಾಗಕ್ಕೆ ಸಿಕ್ಕಿಸಬೇಕು, ಫೋನು ಅಲುಗಾಡದಂತೆ ಕಟ್ಟಬೇಕು, ಬೆಳಕು ಒಂದೇ ಸಮ ಇರಬೇಕು. ಇಲ್ಲದಿದ್ದರೆ ಚಿತ್ರ ಕುಣಿಯುವುದಿಲ್ಲ, ನಡುಗುತ್ತದೆ. ಮತ್ತೆ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವುದನ್ನು ಮರೆಯಬಾರದು.

ಮಿತ್ರರೇ, ಚಿಕ್ಕ ತರಗತಿಯ ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ನಮ್ಮ ಚಿತ್ರ ನೋಡುತ್ತಾರೆ. ‘ಅಣ್ಣಾ, ಇದನ್ನ ಹೆಂಗೆ ಮಾಡಿದ್ರಿ?’ ಅಂತ ಕೇಳೇ ಕೇಳುತ್ತಾರೆ. ‘ಗುಂಡಿ ಒತ್ತಿದ್ವಿ’ ಅಂದರೆ ಮಾತು ಅಲ್ಲಿಗೆ ಮುಗಿಯಿತು. ‘ಬಾ, ಕೂತ್ಕೋ, ತೋರಿಸ್ತೀನಿ’ ಅನ್ನುವಂತಿರಬೇಕು. ಮಾರ್ಚಿ ಕಳೆದರೆ ನಾವು ಹತ್ತನೇ ತರಗತಿಯವರು ಶಾಲೆ ಬಿಟ್ಟು ಹೋಗುತ್ತೇವೆ, ಕೆಲಸ ಗೊತ್ತಿರುವ ನಾಲ್ಕು ಜನ ಇಲ್ಲಿ ಉಳಿಯಬೇಕಲ್ಲವೇ?

ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಸೇರೋಣ. ಆ್ಯಪ್ ಪಕ್ಷದವರೂ ಬನ್ನಿ. ನನ್ನ ಮಾತು ತಪ್ಪು ಅನ್ನಿಸಿದರೆ ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಬರೆಯಿರಿ, ಖಂಡಿತ ಓದುತ್ತೇನೆ.

ಇತಿ ನಿಮ್ಮವ,
ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ