ಆಕಾಶದಲ್ಲಿ ಎಂಜಿನ್ ನಿಂತಾಗ

2009ರ ಮಾರ್ಚ್ 6ರ ಮಧ್ಯಾಹ್ನ ಬಿಡದಿ ಸಮೀಪದ ಶೇಷಗಿರಿಹಳ್ಳಿಯ ಬಳಿ ಪುಟ್ಟ ವಿಮಾನವೊಂದು ನೆಲಕ್ಕಪ್ಪಳಿಸಿ ಹೊತ್ತಿ ಉರಿಯಿತು. ಅದು ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ರೂಪಿಸಿದ 14 ಆಸನಗಳ ‘ಸಾರಸ್’ ವಿಮಾನದ ಎರಡನೆಯ ಮಾದರಿ. ಪರೀಕ್ಷಾ ಹಾರಾಟದಲ್ಲಿದ್ದ ವಾಯುಪಡೆಯ ಮೂವರು ಅಧಿಕಾರಿಗಳಾದ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ಪ್ರಾಣ ಕಳೆದುಕೊಂಡರು.

ಅಂದಿನ ಪರೀಕ್ಷೆಯಲ್ಲಿ ಎರಡು ಎಂಜಿನ್‌ಗಳ ಪೈಕಿ ಒಂದನ್ನು ಹಾರಾಟದಲ್ಲೇ ಬೇಕೆಂದು ನಿಲ್ಲಿಸಿ, ಮತ್ತೆ ಚಾಲೂ ಮಾಡಬೇಕಿತ್ತು. ಮರುಚಾಲನೆಗೆ ವಿನ್ಯಾಸಕಾರರು ಹಾಕಿಕೊಟ್ಟ ಕ್ರಮವೇ ಸರಿಯಿರಲಿಲ್ಲ, ಅದನ್ನು ಸಾಕಷ್ಟು ಎತ್ತರವಿಲ್ಲದೆಡೆ ಅನುಸರಿಸಲಾಯಿತು, ಹಾಗಾಗಿ ವಿಮಾನ ಬಹುಬೇಗ ಎತ್ತರ ಕಳೆದುಕೊಂಡು ಅಸಹಜವಾಗಿ ವರ್ತಿಸಿತು ಎಂಬುದು ತನಿಖಾ ವರದಿಯ ಸಾರಾಂಶ.

ಇಲ್ಲಿ ‘ಎತ್ತರ ಸಾಲಲಿಲ್ಲ’ ಎಂಬ ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೇಲೆ ಹೋದಷ್ಟೂ ಅಪಾಯ ಹೆಚ್ಚು ಎಂದು ನೆಲದ ಮೇಲಿರುವವರು ಭಾವಿಸುತ್ತಾರೆ. ವಿಮಾನ ಚಾಲಕನ ಲೆಕ್ಕ ಬೇರೆ. ಅವನಿಗೆ ಎತ್ತರವೆಂದರೆ ಕಷ್ಟಕಾಲಕ್ಕೆಂದು ಕೂಡಿಟ್ಟ ಗಂಟು.

ಇದಕ್ಕೆ ಕಾರಣ ಪ್ರೌಢಶಾಲೆಯ ಪಠ್ಯದಲ್ಲೇ ಇದೆ. ಎತ್ತರದಲ್ಲಿರುವ ವಸ್ತುವಿನಲ್ಲಿ ಪ್ರಚ್ಛನ್ನ ಶಕ್ತಿ ಅಡಗಿರುತ್ತದೆ. ಇಳಿಜಾರಿನಲ್ಲಿ ಸೈಕಲ್ಲಿನ ಪೆಡಲ್ ತುಳಿಯದಿದ್ದರೂ ಅದು ಓಡುವುದಿಲ್ಲವೇ? ಎಂಜಿನ್ ನಿಂತ ವಿಮಾನವೂ ಹಾಗೆಯೇ. ಅದು ಕಲ್ಲಿನಂತೆ ಬೀಳುವುದಿಲ್ಲ. ಎತ್ತರವನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತ ಮುಂದೆ ತೇಲುತ್ತದೆ.

ತರಬೇತಿ ಶಾಲೆಗಳಲ್ಲಿ ಬಳಸುವ ಒಂದೇ ಎಂಜಿನ್ನಿನ ಸೆಸ್ನಾ 172 ವಿಮಾನ ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಮೀಟರ್ ಮುಂದೆ ಸಾಗಬಲ್ಲದು. ಅಂಥದೊಂದು ವಿಮಾನ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಮೇಲೆ, ನೆಲದಿಂದ 900 ಮೀಟರ್ ಎತ್ತರದಲ್ಲಿದ್ದಾಗ ಎಂಜಿನ್ ನಿಂತಿತೆಂದು ಊಹಿಸಿಕೊಳ್ಳಿ. ಗಾಳಿಯ ಅಡ್ಡಿಯಿಲ್ಲದಿದ್ದರೆ ಅದು ಸುಮಾರು ಎಂಟು ಕಿಲೋಮೀಟರ್ ತೇಲಬಲ್ಲದು. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಚಾಲಕನಿಗೆ ಸಿಗುವ ಕಾಲಾವಕಾಶ ನಾಲ್ಕು ನಿಮಿಷ. ಅಷ್ಟರಲ್ಲಿ ಅವನು ತೆಂಗಿನ ತೋಟ, ಕೆರೆ, ವಿದ್ಯುತ್ ತಂತಿಗಳನ್ನು ಬಿಟ್ಟು, ಕೊಯ್ಲಾದ ರಾಗಿ ಹೊಲವೊಂದನ್ನು ಆರಿಸಿಕೊಳ್ಳಬೇಕು. ಎತ್ತರ ಬರೀ 150 ಮೀಟರ್ ಆಗಿದ್ದರೆ? ಆಗ ಸಿಗುವುದು ಸುಮಾರು 40 ಸೆಕೆಂಡು ಮಾತ್ರ.

ಈ ಹೊತ್ತಿನಲ್ಲಿ ಮನುಷ್ಯನ ಸಹಜ ಬುದ್ಧಿಯೇ ಅವನಿಗೆ ಶತ್ರುವಾಗುತ್ತದೆ. ನೆಲ ಹತ್ತಿರವಾದಂತೆ ವಿಮಾನದ ಮೂತಿಯನ್ನು ಮೇಲೆತ್ತಬೇಕೆಂದು ಕೈ ತವಕಿಸುತ್ತದೆ. ಮೇಜಿನ ಫ್ಯಾನಿನ ಮುಂದೆ ರಟ್ಟಿನ ಹಾಳೆ ಹಿಡಿದು ನೋಡಿ. ಸ್ವಲ್ಪ ಓರೆ ಮಾಡಿದರೆ ಗಾಳಿ ಅದನ್ನು ಮೇಲೆತ್ತುತ್ತದೆ. ತೀರಾ ಓರೆ ಮಾಡಿದರೆ ಹಿಂದಕ್ಕೆ ತಳ್ಳುತ್ತದೆ. ರೆಕ್ಕೆಗೂ ಗಾಳಿಗೂ ನಡುವಿನ ಕೋನ ಸುಮಾರು 15 ಡಿಗ್ರಿ ದಾಟಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆದು ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ‘ಸ್ಟಾಲ್’ ಎನ್ನುತ್ತಾರೆ. ಆದ್ದರಿಂದ ಎಂಜಿನ್ ನಿಂತೊಡನೆ ಮೂತಿಯನ್ನು ತಗ್ಗಿಸಿ ವೇಗ ಕಾಯ್ದುಕೊಳ್ಳುವುದೇ ಮೊದಲ ಕೆಲಸ. ದಾರಿ ನೋಡುವುದು ಎರಡನೆಯದು. ರೇಡಿಯೋದಲ್ಲಿ ಮಾತನಾಡುವುದು ಕೊನೆಯದು.

ಎರಡನೆಯ ಆಮಿಷ, ಹೊರಟ ನಿಲ್ದಾಣಕ್ಕೇ ಹಿಂತಿರುಗುವುದು. ತಿರುವಿನಲ್ಲಿ ಎತ್ತರ ಇನ್ನೂ ಬೇಗ ಕರಗುತ್ತದೆ. ಸಾರಸ್ ದುರಂತ ನಡೆದ ವರ್ಷವೇ, ಜನವರಿ 15ರಂದು, ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ದೊಡ್ಡ ವಿಮಾನವೊಂದರ ಎರಡೂ ಎಂಜಿನ್ ಕೆಟ್ಟವು. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ನಿಲ್ದಾಣದ ಆಸೆ ಬಿಟ್ಟು ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿದರು. ಒಳಗಿದ್ದ 155 ಮಂದಿಯೂ ಬದುಕಿದರು. ಬಳಿಕ ತನಿಖೆಗಾಗಿ ಸಿಮ್ಯುಲೇಟರ್‌ನಲ್ಲಿ ಹಾರಿಸಿ ನೋಡಿದಾಗ, ಹಕ್ಕಿ ಬಡಿದ ಮರುಕ್ಷಣವೇ ತಿರುಗಿದವರಲ್ಲಿ ಕೆಲವರು ನಿಲ್ದಾಣ ಮುಟ್ಟಿದರು. ಏನಾಯಿತೆಂದು ಅರ್ಥಮಾಡಿಕೊಳ್ಳಲು ಬೇಕಾಗುವ 35 ಸೆಕೆಂಡುಗಳನ್ನು ಲೆಕ್ಕಕ್ಕೆ ಸೇರಿಸಿದಾಗ ಮುಟ್ಟಲಾಗಲಿಲ್ಲ.

ನಮ್ಮ ರಾಜ್ಯದಲ್ಲೂ ಇಂಥ ಉದಾಹರಣೆಗಳಿವೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದ ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿಯಿತು. ಅದರಲ್ಲಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಅದೇ ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಹೊರಟ ಸಣ್ಣ ಜೆಟ್ ವಿಮಾನದ ಮುಂದಿನ ಚಕ್ರ ಕೈಕೊಟ್ಟಿತು. ಅವಸರಕ್ಕೆ ಕಾರಣವಿರಲಿಲ್ಲ, ಎಂಜಿನ್‌ಗಳು ನಡೆಯುತ್ತಿದ್ದವು. ಚಾಲಕರು ಹಿಂತಿರುಗಿ, ಹಿಂದಿನ ಚಕ್ರಗಳ ಮೇಲೆ ಇಳಿದು, ಕೊನೆಯಲ್ಲಷ್ಟೇ ಮೂತಿಯನ್ನು ನೆಲಕ್ಕೆ ತಾಗಿಸಿದರು. ಇಬ್ಬರಿಗೂ ಅಪಾಯವಾಗಲಿಲ್ಲ. ಒಂದೆಡೆ ಕೂಡಲೇ ಇಳಿಯುವುದು ಸರಿ, ಇನ್ನೊಂದೆಡೆ ತಾಳ್ಮೆ ಸರಿ. ಯಾವುದಕ್ಕೆ ಯಾವುದು ಎಂಬ ವಿವೇಚನೆಯೇ ಚಾಲಕನ ವಿದ್ಯೆ.

ಆ ವಿವೇಚನೆ ಆಕಾಶದಲ್ಲಿ ಥಟ್ಟನೆ ಹೊಳೆಯುವಂಥದ್ದಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿ ಪ್ರಯೋಜನವಿಲ್ಲ. ಒಳ್ಳೆಯ ಚಾಲಕ ಪ್ರತಿ ಹಾರಾಟಕ್ಕೂ ಮುನ್ನ, ಯಾವ ಎತ್ತರದಲ್ಲಿ ಎಂಜಿನ್ ನಿಂತರೆ ಎಲ್ಲಿ ಇಳಿಯುವುದೆಂದು ನೆಲದ ಮೇಲೆಯೇ ತೀರ್ಮಾನಿಸಿರುತ್ತಾನೆ. ಮಕ್ಕಳನ್ನು ವಿಮಾನ ತರಬೇತಿಗೆ ಕಳುಹಿಸುವ ತಂದೆತಾಯಿಗಳು ಶುಲ್ಕದ ಜೊತೆಗೆ ಈ ಅಭ್ಯಾಸವನ್ನು ಎಷ್ಟು ಬಾರಿ ಮಾಡಿಸುತ್ತೀರಿ ಎಂದೂ ವಿಚಾರಿಸಬೇಕು.

ಆದರೆ ಚಾಲಕನ ಕೈಗೆ ಕೊಡುವ ಕ್ರಮವೇ ತಪ್ಪಿದ್ದರೆ ಎಂಥ ನುರಿತವನೂ ಅಸಹಾಯಕ. ಶೇಷಗಿರಿಹಳ್ಳಿಯಲ್ಲಿ ಮಡಿದವರು ಪಳಗಿದ ಪರೀಕ್ಷಕರು. ಸಾರಸ್‌ನ ಮೊದಲ ಮಾದರಿಯನ್ನು ಸುಧಾರಿಸಿ 2018ರ ಜನವರಿ 24ರಂದು ಬೆಂಗಳೂರಿನಲ್ಲಿ ಮತ್ತೆ ಹಾರಿಸಲಾಯಿತು. ಅಷ್ಟರಲ್ಲಿ ದುರಂತ ನಡೆದು ಸುಮಾರು ಒಂಬತ್ತು ವರ್ಷ ಕಳೆದಿತ್ತು.