ನದಿಯ ತಳವನ್ನೂ ಓದೋಣ

ಭೀಮೆಯ ನೀರು ಹೇಗಿದೆಯೆಂದು ಕೇಳಿದರೆ ನಾವು ದಡದಲ್ಲಿ ನಿಂತು, ಮೇಲ್ಮೈ ನೋಡಿ ಉತ್ತರ ಹೇಳುತ್ತೇವೆ. ತಿಳಿಯಾಗಿದ್ದರೆ ಒಳ್ಳೆಯದು, ಕದಡಿದ್ದರೆ ಕೆಟ್ಟದ್ದು. ಈ ಉತ್ತರ ಸಾಲದು. ನದಿಯ ಆರೋಗ್ಯ ತಿಳಿಯಬೇಕಾದರೆ ಅದರ ತಳವನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ.

ತಳದಲ್ಲಿ ಬೆನ್ನೆಲುಬಿಲ್ಲದ ಸಣ್ಣ ಜೀವಿಗಳ ದೊಡ್ಡ ಸಂಸಾರವೇ ಇದೆ. ಒಂದೊಂದಕ್ಕೆ ಒಂದೊಂದು ಬಗೆಯ ಮನೆ. ನೀರು ರಭಸದಿಂದ ಹರಿಯುವ ಕಡೆ ಕಲ್ಲುಗಳ ಅಡಿಯಲ್ಲಿ ಮೇಫ್ಲೈ ಎಂಬ ಕೀಟದ ಮರಿಗಳು ಅಂಟಿಕೊಂಡಿರುತ್ತವೆ. ಕ್ಯಾಡಿಸ್ ಹುಳು ರೇಷ್ಮೆಯಂಥ ನೂಲಿನಿಂದ ಮರಳಿನ ಕಣಗಳನ್ನು ಹೆಣೆದು ಗೂಡು ಕಟ್ಟಿಕೊಳ್ಳುತ್ತದೆ. ಮರಳಿನಲ್ಲಿ ಅರ್ಧ ಹೂತು ಕುಳಿತ ಕಪ್ಪೆಚಿಪ್ಪು ನೀರನ್ನು ಸೋಸಿ ಆಹಾರ ಪಡೆಯುತ್ತದೆ. ಅದರ ಮರಿಗಳು ಕೆಲಕಾಲ ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆಯುತ್ತವೆ. ಮೀನಿಲ್ಲದಿದ್ದರೆ ಚಿಪ್ಪೂ ಇಲ್ಲ. ಕೆಸರಿನಲ್ಲಿರುವ ಕೆಂಪು ಹುಳುಗಳಾದರೋ ರಕ್ತದಲ್ಲಿ ಹೀಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ತೀರ ಕಡಿಮೆಯಿದ್ದಲ್ಲಿಯೂ ಬದುಕಬಲ್ಲವು.

ಇವೇ ನದಿಯ ಸಾಕ್ಷಿಗಳು. ಕೊಡದಲ್ಲಿ ತುಂಬಿ ಪರೀಕ್ಷಿಸಿದ ನೀರು ಆ ಗಳಿಗೆಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ತಿಂಗಳುಗಟ್ಟಲೆ ಅಲ್ಲೇ ಬಾಳಿದ ಜೀವಿ ಕಳೆದ ದಿನಗಳ ಕಥೆಯನ್ನೂ ಹೇಳುತ್ತದೆ. ಕಲ್ಲಿನಡಿಯ ಮೇಫ್ಲೈ ಮರೆಯಾಗಿ ಕೆಂಪು ಹುಳುಗಳೇ ತುಂಬಿಕೊಂಡರೆ ಕೊಳಕು ಸೇರಿದೆಯೆಂದು ಶಂಕಿಸಬೇಕು. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1902ರಷ್ಟು ಹಿಂದೆಯೇ ಜೀವಿಗಳಿಂದ ನೀರನ್ನು ಅಳೆಯುವ ಈ ದಾರಿ ತೋರಿದರು.

ಪುಣೆಯ ಕೊಳಚೆ ಮುಳಾ-ಮುಠಾ ನದಿಯ ಮೂಲಕ ಭೀಮೆಗೆ ಸೇರಿ, 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯಕ್ಕೆ ಬರುತ್ತದೆ. ಹರಿಯುವ ನೀರು ಅಲ್ಲಿ ನಿಂತಿತು. ತಳದಲ್ಲಿ ಹೂಳು ಕೂತಿತು. ಅದರ ಕೆಳಗೆ ನಮ್ಮ ಕಡೆ ಮರಳು ತೆಗೆಯುವ ಹಾವಳಿ. ಮನೆ ಕಟ್ಟಲು ಮರಳು ಬೇಕು, ನಿಜ. ಆದರೆ ನಮ್ಮದೊಂದು ಮನೆಗಾಗಿ ನದಿಯೊಳಗೆ ಎಷ್ಟು ಮನೆಗಳನ್ನು ಕೆಡಹುತ್ತಿದ್ದೇವೆಂದು ಲೆಕ್ಕವಿಟ್ಟವರು ಯಾರು?

ಹುಳು ಎಣಿಸಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆಯೇ ಎಂದು ಪಾಲಕರು ಕೇಳಬಹುದು. ಬರಲಿಕ್ಕಿಲ್ಲ. ಆದರೆ ಈ ನೀರನ್ನೇ ಕುಡಿಯುವವರು, ಇದರಿಂದಲೇ ಕಬ್ಬು ಬೆಳೆಯುವವರು ನಾವು. ಪ್ರತಿ ವರ್ಷ ಚಳಿಗಾಲದಲ್ಲಿ ನೀರು ಇಳಿದಾಗ ಮಕ್ಕಳು ಗುರುಗಳೊಡನೆ ದಡದ ಒಂದೇ ಜಾಗಕ್ಕೆ ಹೋಗಲಿ. ಕಲ್ಲು, ಮರಳು, ಕೆಸರು ಈ ಮೂರು ಕಡೆ ಕಂಡ ಜೀವಿಗಳನ್ನು ಎಣಿಸಿ, ತಿರುಗಿ ನೀರಿಗೆ ಬಿಡಲಿ. ಆ ಪಟ್ಟಿ ಈ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗಲಿ. ಹತ್ತು ವರ್ಷಗಳ ಪಟ್ಟಿ ಕೂಡಿದರೆ ನದಿಯ ಪರವಾಗಿ ಮಾತನಾಡಲು ನಮ್ಮ ಕೈಯಲ್ಲಿ ಆಧಾರವಿರುತ್ತದೆ.

ಭೀಮೆಗೆ ಆರತಿ ಎತ್ತುವ ಕೈಗಳು ಒಮ್ಮೆ ಅವಳ ತಳದ ಕಲ್ಲನ್ನೂ ಎತ್ತಿ ನೋಡಲಿ.