ಇಲಿಯ ಮೆದುಳು, ಮನುಷ್ಯನ ಮರೆವು

ಪ್ರಯೋಗಾಲಯದ ಪ್ರಾಣಿಹಿಂಸೆಯ ಪ್ರಶ್ನೆ ಎದ್ದಾಗಲೆಲ್ಲ ಜೈನ ಸಮಾಜ ಕರುಣೆಯ ಮಾತನ್ನಾಡುತ್ತದೆ. ಔಷಧೋದ್ಯಮ ಅನಿವಾರ್ಯತೆಯ ಮಾತನ್ನಾಡುತ್ತದೆ. ಆ ಅನಿವಾರ್ಯತೆಯ ಲೆಕ್ಕವನ್ನೇ ಪರಿಶೋಧಿಸುವ ಕಾಲ ಬಂದಿದೆ.

ಮೆದುಳಿನ ರೋಗಗಳಿಗೆ ನೀಡುವ ಅನೇಕ ಔಷಧಗಳು ಜೀವಕೋಶಗಳ ಗ್ರಾಹಕಗಳ, ಅಂದರೆ ರಿಸೆಪ್ಟರುಗಳ, ಮೂಲಕ ಕೆಲಸ ಮಾಡುತ್ತವೆ. ಒಂದೇ ಗ್ರಾಹಕ ಇಲಿಯಲ್ಲೂ ಮನುಷ್ಯನಲ್ಲೂ ಇದ್ದರೆ ಸಾಲದು. ಅದು ಮೆದುಳಿನ ಯಾವ ಭಾಗದಲ್ಲಿ, ಎಷ್ಟು ಪ್ರಮಾಣದಲ್ಲಿದೆ ಎಂಬುದೇ ಮುಖ್ಯ. ಸೆರೊಟೋನಿನ್‌ನ ಆರನೆಯ ಬಗೆಯ ಗ್ರಾಹಕವು ಮನುಷ್ಯನಲ್ಲೂ ದೊಡ್ಡ ಇಲಿಯಾದ ರ್‍ಯಾಟ್‌ನಲ್ಲೂ ಮೆದುಳಿನಾಳದ ಸ್ಟ್ರಯೇಟಮ್ ಭಾಗದಲ್ಲಿ ಹೇರಳವಾಗಿದೆ. ಸಣ್ಣ ಇಲಿಯಾದ ಮೌಸ್‌ನಲ್ಲಿ ಅಲ್ಲಿ ಅತ್ಯಲ್ಪ. ಸಿಯಾಟಲ್‌ನ ಆಲನ್ ಸಂಸ್ಥೆಯ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಮನುಷ್ಯ ಮತ್ತು ಮೌಸ್‌ಗಳ ಮೆದುಳಿನ ಹೊರಪದರದ ಜೀವಕೋಶಗಳ ಬಗೆಗಳು ಬಹುಮಟ್ಟಿಗೆ ಒಂದೇ ಆಗಿದ್ದರೂ, ಅತಿ ಹೆಚ್ಚು ಭಿನ್ನವಾಗಿದ್ದವುಗಳಲ್ಲಿ ಸೆರೊಟೋನಿನ್ ಗ್ರಾಹಕಗಳು ಸೇರಿದ್ದವು.

ಆ ಆರನೆಯ ಗ್ರಾಹಕವನ್ನು ತಡೆಯುವ ಇಡಾಲೊಪಿರ್ಡಿನ್ ಎಂಬ ಔಷಧ ಸುಮಾರು 2,500 ಆಲ್ಝೈಮರ್ ರೋಗಿಗಳ ಮೇಲೆ ನಡೆದ ಮೂರು ಪರೀಕ್ಷೆಗಳಲ್ಲೂ ವಿಫಲವಾಯಿತೆಂಬ ವರದಿ 2018ರಲ್ಲಿ ಪ್ರಕಟವಾಯಿತು. ಇದಕ್ಕೆ ಇಲಿಯ ವ್ಯತ್ಯಾಸವೊಂದೇ ಕಾರಣವೆನ್ನುವುದು ಸತ್ಯವ್ರತಕ್ಕೆ ಒಪ್ಪದು. ಆದರೆ ಗ್ರಾಹಕದ ನಕ್ಷೆ ಹೊಂದುವ ಪ್ರಾಣಿಯೇ ರೋಗಿಗೆ ಭರವಸೆ ನೀಡಲಾರದೆಂದ ಮೇಲೆ, ನಕ್ಷೆಯೇ ಹೊಂದದ ಪ್ರಾಣಿಯ ಬಲಿಗೆ ಸಮರ್ಥನೆ ಎಲ್ಲಿದೆ?

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು, ಅದೇ ಫಲಿತಾಂಶ ದೊರೆಯುವುದಾದರೆ ದೊಡ್ಡ ಪ್ರಾಣಿಗಳ ಬದಲು ಇಲಿ, ಮೊಲ, ಕಪ್ಪೆಗಳಂಥ ಸಣ್ಣ ಪ್ರಾಣಿಗಳನ್ನು ಬಳಸಬೇಕೆನ್ನುತ್ತದೆ. ಜೈನ ದೃಷ್ಟಿಯಲ್ಲಿ ಇಲಿಯೂ ಹಸುವಿನಂತೆ ಪಂಚೇಂದ್ರಿಯ ಜೀವಿ. ಗೋಶಾಲೆಗೆ ಉದಾರವಾಗಿ ನೀಡುವ ಸಮಾಜ ಇಲಿಯ ವಿಷಯದಲ್ಲಿ ಮೌನವಾಗಿರುವುದೇಕೆ? 2023ರ ತಿದ್ದುಪಡಿಯಿಂದ ಔಷಧ ನಿಯಮಗಳು ಮಾನವ ಜೀವಕೋಶ ಆಧಾರಿತ ಪರೀಕ್ಷೆಗಳಿಗೂ ಅವಕಾಶ ನೀಡಿವೆ. ಆ ಅವಕಾಶ ಕಾಗದದಲ್ಲೇ ಉಳಿಯದಂತೆ ಸರ್ಕಾರ ಅನುದಾನ ಒದಗಿಸಬೇಕು.

ಆದರೆ ಬೇಡಿಕೆ ಸರ್ಕಾರದ ಮುಂದಷ್ಟೇ ನಿಲ್ಲಬಾರದು. ಮನುಷ್ಯನ ಮೆದುಳಿನ ನಕ್ಷೆ ಸಿದ್ಧವಾಗಲು ಮನುಷ್ಯನ ಮೆದುಳೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳು ಬ್ಯಾಂಕ್ ಇದೆ. ಮರಣಾನಂತರ ಕೆಲವೇ ಗಂಟೆಗಳಲ್ಲಿ ಮೆದುಳನ್ನು ಪಡೆದು, ದೇಹವನ್ನು ಅಂತ್ಯಸಂಸ್ಕಾರಕ್ಕೆ ಮರಳಿಸಬಹುದು. ನೇತ್ರದಾನವನ್ನು ಹೆಮ್ಮೆಯಿಂದ ಒಪ್ಪಿಕೊಂಡ ಕುಟುಂಬಗಳು ಮೆದುಳಿನ ದಾನಕ್ಕೆ ಹಿಂಜರಿಯಬೇಕಾಗಿಲ್ಲ. ಚಿತೆಯಲ್ಲಿ ಬೂದಿಯಾಗುವುದನ್ನು ಕೊಡಲೊಪ್ಪದವರು ಮೂಕಜೀವಿಯ ಪ್ರಾಣವನ್ನು ಉಳಿಸಿರೆಂದು ಇತರರನ್ನು ಕೇಳುವುದು ಹೇಗೆ?